ನೀನು ಕೊಟ್ಟ ಕಂಬಳಿ ಕಿಟಕಿಯಲ್ಲಿದೆ

ಎಡಿನ್‌ಬರೋ
ಡಿಸೆಂಬರ್ 14

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ಮೊದಲೇ ಹೇಳಿಬಿಡ್ತೀನಿ, ಬೈಬೇಡ. ನೀನು ಸೂಟ್‌ಕೇಸಿಗೆ ತುರುಕಿ ಕಳಿಸಿದ ಕರಿ ಕಂಬಳಿಯನ್ನು ನಾನು ಹೊದೆಯುತ್ತಿಲ್ಲ. ಮಲಗುವ ಕೋಣೆಯ ಕಿಟಕಿಗೆ ಹೊದಿಸಿದ್ದೇನೆ.

ಈ ಮನೆ ನೂರು ವರ್ಷಕ್ಕೂ ಹಳೆಯದು. ಕಲ್ಲಿನ ಗೋಡೆಯೇನೋ ದಪ್ಪ, ಕಿಟಕಿಗೆ ಮಾತ್ರ ಒಂದೇ ಪದರ ಗಾಜು. ಹತ್ತಿರ ಹೋದರೆ ಫ್ರಿಜ್ ಬಾಗಿಲು ತೆಗೆದ ಹಾಗಿರುತ್ತದೆ. ಮಧ್ಯಾಹ್ನ 3:40ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹೋದ ತಿಂಗಳ ಗ್ಯಾಸ್ ಬಿಲ್ ಎಷ್ಟು ಅಂತ ಅಪ್ಪನಿಗೆ ಹೇಳುವುದಿಲ್ಲ. ಅಡುಗೆಗಲ್ಲ, ಬಾಯ್ಲರ್‌ನಲ್ಲಿ ನೀರು ಕಾಯಿಸಿ, ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗೆ ಹರಿಸುವುದಕ್ಕೇ ಅಷ್ಟು.

ಆ ರೇಡಿಯೇಟರ್ ಇರುವುದೂ ಕಿಟಕಿಯ ಕೆಳಗೇ. ನಾನು ಜಂಬದಿಂದ ನೆಲ ಮುಟ್ಟುವ ಪರದೆ ಹಾಕಿದ್ದೆ. ಶಾಖವೆಲ್ಲ ಅದರ ಹಿಂದೆ ಸೇರಿ ಗಾಜು ಬೆಚ್ಚಗೆ, ನಾನು ಈಚೆ ಗಡಗಡ! ಈಗ ಕಿಟಕಿ ಕಟ್ಟೆಯವರೆಗೆ ಕತ್ತರಿಸಿ ಹೊಲಿದಿದ್ದೇನೆ. ಹೊಲಿಗೆ ಸೊಟ್ಟ, ನೀನು ನೋಡದಿರುವುದೇ ಒಳ್ಳೆಯದು.

ಪಕ್ಕದ ಮನೆ ಅಜ್ಜಿ ಬಂದವರು ಕಿಟಕಿಯ ಪಕ್ಕದ ಹಲಗೆಯನ್ನು ಬೆರಳಲ್ಲಿ ತಟ್ಟಿದರು. ಟೊಳ್ಳು ಸದ್ದು. ಒಳಗೆ ಮಡಿಚಿಟ್ಟ ಮರದ ಬಾಗಿಲು! ನಮ್ಮ ಹಳೇ ಮನೆ ಕಿಟಕಿಗಿತ್ತಲ್ಲ, ಅಂಥದ್ದೇ. ಇಲ್ಲಿ ಶಟರ್ ಅನ್ನುತ್ತಾರೆ. ಯಾರೋ ಪುಣ್ಯಾತ್ಮರು ಬಣ್ಣದ ಮೇಲೆ ಬಣ್ಣ ಬಳಿದು ಮುಚ್ಚಿಬಿಟ್ಟಿದ್ದರು. ಹಳೇ ಬಣ್ಣದಲ್ಲಿ ಸೀಸ ಇರುತ್ತೆ, ಉಜ್ಜಿ ಪುಡಿ ಏಳಿಸಬೇಡ ಅಂದರು ಅಜ್ಜಿ. ಓನರನ್ನು ಕೇಳಿ, ಒದ್ದೆ ಮಾಡಿಕೊಂಡು ಚಾಕುವಿನಲ್ಲಿ ಸಂದಿ ಬಿಡಿಸಿದೆ. ಭಾನುವಾರ ಪೂರ್ತಿ ಹೋಯಿತು. ಆದರೂ ಲಾಭವೇ. 2008ರಲ್ಲಿ ಗ್ಲಾಸ್ಗೋ ಕ್ಯಾಲಿಡೋನಿಯನ್ ವಿಶ್ವವಿದ್ಯಾಲಯದವರು ಇಂಥದ್ದೇ ಹಳೇ ಕಿಟಕಿ ಪರೀಕ್ಷಿಸಿದ್ದರು. ಗಾಜಿನಿಂದ ಸೋರುವ ಶಾಖದಲ್ಲಿ ದಪ್ಪ ಪರದೆ ಉಳಿಸಿದ್ದು ಶೇ 14, ಮರದ ಬಾಗಿಲು ಶೇ 51. ನಮ್ಮಜ್ಜನಿಗೆ ಇದೆಲ್ಲ ಓದದೆಯೇ ಗೊತ್ತಿತ್ತು ಅಲ್ವಾ?

ಕತ್ತಲಾಗುತ್ತಿದ್ದ ಹಾಗೇ ಮುಚ್ಚುತ್ತೇನೆ, ಬೆಳಗ್ಗೆ ತೆಗೆದು ಬಂದಷ್ಟು ಬಿಸಿಲು ಒಳಗೆ ಬಿಡುತ್ತೇನೆ. ಗಾಜಿನ ಮೇಲೆ ನೀರು ಇಳಿದಿರುತ್ತದೆ. ಒರೆಸದಿದ್ದರೆ ಬೂಸಲು.

ಮಲಗುವ ಕೋಣೆಯ ಶಟರನ್ನು ಮಾತ್ರ ಯಾರೋ ಯಾವಾಗಲೋ ಕಿತ್ತುಹಾಕಿದ್ದಾರೆ. ಅದಕ್ಕೇ ಅಲ್ಲಿ ಕಂಬಳಿ. ಎಂಥಾ ಗಾಳಿಗೂ ಅಲ್ಲಾಡುವುದಿಲ್ಲ. ಬೆಳಗ್ಗೆ ಅಂಚು ತೇವವಾಗಿ ಕೋಣೆ ತುಂಬ ವಾಸನೆ, ಅಜ್ಜ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯಿಂದ ಬಂದ ಹಾಗೆ.

ಫೆಬ್ರವರಿಯಲ್ಲಿ ಶಿವಮೊಗ್ಗದ ಗೆಳೆಯ ಊರಿಂದ ಬರುತ್ತಾನೆ. ಅವನ ಕೈಲಿ ಇನ್ನೊಂದು ಕಂಬಳಿ ಕಳಿಸು. ಇದು ಹೊದೆಯೋಕೆ, ದೇವರಾಣೆ.

ನಿನ್ನ,
ಪುಟ್ಟ