ಚಿಕ್ಕಪ್ಪ, ಇಲ್ಲ ಅನ್ನಬೇಡಿ

ಏಲ್ಸ್‌ಬರಿ, ಇಂಗ್ಲೆಂಡ್
ನವೆಂಬರ್ 16, ಭಾನುವಾರ

ಪ್ರೀತಿಯ ಚಿಕ್ಕಪ್ಪ,

ನಿಮಗೂ ಚಿಕ್ಕಮ್ಮನಿಗೂ ಪುಟ್ಟಿಯ ನಮಸ್ಕಾರಗಳು. ನಾನಿಲ್ಲಿ ಚೆನ್ನಾಗಿದ್ದೇನೆ. ಚಳಿ ಶುರುವಾಗಿದೆ, ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಶ್ರೀನಿವಾಸಪುರದ ಸಂತೆಗೆ ಇನ್ನೇನು ಅವರೆಕಾಯಿ ಬರುತ್ತದೆ, ಅಲ್ವಾ? ಹಿತಕಿದ ಬೇಳೆ ಸಾರು ನೆನೆಸಿಕೊಂಡೇ ನಿನ್ನೆ ಅನ್ನ ತಿಂದೆ.

ಅಪ್ಪ ಫೋನಿನಲ್ಲಿ ವಿಷಯ ಹೇಳಿದರು. ತಾಲ್ಲೂಕಿನ ಮಾಜಿ ಸೈನಿಕರು ಸೇರಿ ಗಾಯಗೊಂಡವರಿಗೂ ಸೈನಿಕರ ವಿಧವೆಯರಿಗೂ ಒಂದು ಟ್ರಸ್ಟ್ ಮಾಡುತ್ತಿದ್ದಾರಂತೆ. ಅಧ್ಯಕ್ಷರಾಗಿ ಅಂತ ನಿಮ್ಮನ್ನು ಕೇಳಿದರಂತೆ. ನೀವು "ನನಗೇ ಊರುಗೋಲು ಬೇಕು, ನಾನೇನು ದಾರಿ ತೋರಿಸಲಿ, ಬೆಂಗಳೂರಿನ ಕರ್ನಲ್ ಸಾಹೇಬರನ್ನು ಕೇಳಿ" ಅಂದು ಎದ್ದು ಹೋದಿರಂತೆ. ಅವತ್ತಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಫೋನಿನಲ್ಲಿ ಹೇಳಿದರೆ "ಆಯ್ತಮ್ಮ, ಊಟ ಆಯ್ತಾ" ಅಂತ ಮಾತು ತಿರುಗಿಸುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನು ಅಂತ ನಿಮಗೆ ನಾನು ಸರಿಯಾಗಿ ಹೇಳಿಯೇ ಇಲ್ಲ. ಲೆಕ್ಕ ಬರೆಯುತ್ತೇನೆ ಅಂದಿದ್ದೆ, ಅಷ್ಟೇ. ಯಾರ ಲೆಕ್ಕ ಅಂದರೆ ನಿಮಗೆ ಹಳೆಯದೆಲ್ಲ ನೆನಪಾಗುತ್ತೇನೋ ಅಂತ ಭಯ. ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ನೆರವಾಗುವ ಸಣ್ಣ ಸಂಸ್ಥೆ ಇದು. ಸಿಬ್ಬಂದಿ ಒಂಬತ್ತು ಜನ. ಮೇಲೆ ಏಳು ಜನ ಟ್ರಸ್ಟಿಗಳು, ಅವರಿಗೆ ಸಂಬಳವಿಲ್ಲ. ಪ್ರತಿ ಮಂಗಳವಾರ ಟೀ ಇರುತ್ತೆ, ಯಾರು ಬೇಕಾದರೂ ಬಂದು ಕೂರಬಹುದು. ನನ್ನ ಪ್ರಕಾರ ಸಂಸ್ಥೆಯ ಜೀವ ಇರುವುದು ಆ ಟೀಯಲ್ಲೇ.

ನಾನು ಸೇರಿದಾಗ ಇದ್ದ ಡೈರೆಕ್ಟರ್ ಸೈನ್ಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಕೆಟ್ಟವರಲ್ಲ. ಮಾತು ಚೆನ್ನಾಗಿ ಆಡುತ್ತಿದ್ದರು, ಶ್ರೀಮಂತರನ್ನು ಕರೆದು ಊಟ ಹಾಕಿಸುತ್ತಿದ್ದರು, ದೇಣಿಗೆ ಬರುತ್ತಿತ್ತು. ಆದರೆ ಮಂಗಳವಾರ ಬರುತ್ತಿದ್ದ ಮೂವತ್ತು ಜನ ಆರಕ್ಕೆ ಇಳಿದರು. ಅದು ಮೊದಲು ಕಂಡಿದ್ದು ನನಗೆ, ಲೆಕ್ಕದ ಪುಸ್ತಕದಲ್ಲಿ. ಹಾಲು, ಬಿಸ್ಕತ್ತಿನ ಖರ್ಚು ತಿಂಗಳಿಂದ ತಿಂಗಳಿಗೆ ಇಳಿಯುತ್ತಿತ್ತು. ಹೋಟೆಲಿನ ಖರ್ಚು ಏರುತ್ತಿತ್ತು. ಯಾಕೆ ಯಾರೂ ಬರುತ್ತಿಲ್ಲ ಅಂತ ಅವರು ಒಂದು ದಿನವೂ ಕೇಳಲಿಲ್ಲ. ನಾನೂ ಬಾಯಿ ಬಿಟ್ಟು ಹೇಳಲಿಲ್ಲ. ಅದು ನನಗೆ ಇವತ್ತಿಗೂ ಬೇಜಾರು.

ಈಗಿನ ಡೈರೆಕ್ಟರ್ ಸಾರ್ಜೆಂಟ್ ಆಗಿದ್ದವರು, ನಮ್ಮಲ್ಲಿನ ಹವಾಲ್ದಾರ್ ಇದ್ದ ಹಾಗೆ. 2009ರಲ್ಲಿ ಅಫ್ಘಾನಿಸ್ತಾನದ ಹೆಲ್ಮಂಡ್‌ನಲ್ಲಿ ಬಾಂಬು ಸಿಡಿದು ಎಡಗಾಲು ಹೋಯಿತು. ಅವರ ಮೊದಲ ಮೀಟಿಂಗು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮಧ್ಯಾಹ್ನ ಮೂರು ಗಂಟೆ ಇರಬಹುದು. "ಒಂದು ನಿಮಿಷ" ಅಂದು ಪ್ಯಾಂಟು ಮಡಚಿ, ಕೃತಕ ಕಾಲು ಬಿಚ್ಚಿ ಗೋಡೆಗೆ ಒರಗಿಸಿದರು. ಬ್ಯಾಗಿನಿಂದ ತೆಳ್ಳನೆಯ ಉಣ್ಣೆ ಸಾಕ್ಸ್ ತೆಗೆದು, ಮೋಟುಕಾಲಿಗೆ ಹಾಕಿದ್ದರ ಮೇಲೆ ಇನ್ನೊಂದು ಎಳೆದುಕೊಂಡರು. ಸುಕ್ಕು ಇರದ ಹಾಗೆ ಅಂಗೈಯಲ್ಲಿ ಸವರಿ ಸವರಿ ನೋಡಿದರು. ಮತ್ತೆ ಕಾಲು ಹಾಕಿಕೊಂಡು, ನೆಲಕ್ಕೆ ಎರಡು ಸಲ ಒತ್ತಿ, ಮಾತು ಮುಂದುವರಿಸಿದರು.

ಮೋಟುಕಾಲು ಹಗಲೆಲ್ಲ ಒತ್ತಿ ಒತ್ತಿ ಸೊರಗುತ್ತೆ, ಬೆಳಗ್ಗೆ ಸರಿಯಾಗಿ ಕೂರುವ ಕೃತಕ ಕಾಲು ಸಂಜೆ ಹೊತ್ತಿಗೆ ಸಡಿಲವಾಗುತ್ತೆ, ಅದನ್ನು ನಿಮಗೆ ನಾನು ಹೇಳಬೇಕಿಲ್ಲ. ನೀವು ಚಿಕ್ಕಮ್ಮನ ಹಳೇ ಸೀರೆಯ ತುಂಡು ಸುತ್ತಿಕೊಳ್ಳುತ್ತಿದ್ದಿರಿ, ಬಾಗಿಲು ಹಾಕಿಕೊಂಡು. ಚಿಕ್ಕವಳಿದ್ದಾಗ ಒಮ್ಮೆ ಬಾಗಿಲು ತಳ್ಳಿ ಬೈಸಿಕೊಂಡಿದ್ದೆ. ಇಲ್ಲಿ ಏನಾಯಿತು ಗೊತ್ತಾ? ಮೇಜಿನ ಆ ಕಡೆ ಕೂತಿದ್ದ ಇಬ್ಬರು ಸುಮ್ನೆ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಅವರೂ ತಮ್ಮ ಕಾಲು ಬಿಚ್ಚಿದರು. ಅದರಲ್ಲಿ ಒಬ್ಬ ನಾಲ್ಕು ವರ್ಷದಿಂದ ಬರುತ್ತಿದ್ದವನು. ಅವನಿಗೂ ಕೃತಕ ಕಾಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ನಾನು ಒಂದು ದಿನ ಡೈರೆಕ್ಟರಿಗೆ ನಿಮ್ಮ ವಿಷಯ ಹೇಳಿದೆ. ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಗಡಿಯುದ್ದಕ್ಕೂ ಹೂತಿದ್ದ ನೆಲಬಾಂಬುಗಳನ್ನು, ಅಂದರೆ ಮೈನುಗಳನ್ನು, 2002ರಲ್ಲಿ ರಾಜಸ್ಥಾನದಲ್ಲಿ ತೆಗೆಯುವಾಗ ನಿಮ್ಮ ಕಾಲು ಹೋಗಿದ್ದು ಅಂದೆ. ಯಾವ ರೆಜಿಮೆಂಟ್ ಅಂದರು. ಮದ್ರಾಸ್ ಸ್ಯಾಪರ್ಸ್, ಸೈನ್ಯದ ಎಂಜಿನಿಯರುಗಳ ದಳ, ಬೆಂಗಳೂರಿನ ಹಲಸೂರು ಕೆರೆ ಪಕ್ಕ ಅವರ ಸೆಂಟರ್ ಅಂದೆ. ಅವರೂ ಮೈನು ತೆಗೆಯುವ ಕೆಲಸದವರೇ ಅಂತೆ. ಕೂತಿದ್ದವರು ಎದ್ದು ನಿಂತುಬಿಟ್ಟರು, ಚಿಕ್ಕಪ್ಪ. ನೀವು ಎದುರಿಗೆ ಇದ್ದಂತೆ.

ಹಾಗಂತ ಕಾಲು ಹೋದವರೆಲ್ಲ ಒಳ್ಳೆ ನಾಯಕರು ಅಂತ ನಾನು ಹೇಳುತ್ತಿಲ್ಲ. ಇವರೂ ಒಂದು ದೊಡ್ಡ ತಪ್ಪು ಮಾಡಿದರು. ಒಬ್ಬ ಹುಡುಗ ಬರುತ್ತಿದ್ದ, ಮೈಮೇಲೆ ಒಂದು ಗಾಯವಿಲ್ಲ. ಆದರೆ ರಾತ್ರಿ ನಿದ್ದೆಯಿಲ್ಲ, ಬಾಗಿಲಿಗೆ ಬೆನ್ನು ಮಾಡಿ ಕೂರುವುದಿಲ್ಲ. "ನಾನು ಎದ್ದು ನಿಂತೆ, ನೀನೂ ಏಳು" ಅಂದುಬಿಟ್ಟರು. ಹುಡುಗ ಆರು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಕೊನೆಗೆ ಇವರೇ ಅವನ ಮನೆಗೆ ಹೋಗಿ ಕ್ಷಮೆ ಕೇಳಿದರು. ಅದನ್ನು ನಮ್ಮ ಮುಂದೆಯೂ ಹೇಳಿಕೊಂಡರು. ತಾನು ಗೆದ್ದ ದಾರಿಯಲ್ಲೇ ಎಲ್ಲರೂ ನಡೆಯಲಿ ಅನ್ನುವುದು ಗಾಯಗೊಂಡು ಗೆದ್ದವರಿಗೆ ಬೇಗ ಅಂಟುವ ರೋಗ ಅನಿಸುತ್ತೆ ನನಗೆ. ನಿಮಗೆ ಆ ರೋಗ ಇಲ್ಲ. ಕಾಶ್ಮೀರದಿಂದ ಬಂದು ಮನೆಯಿಂದ ಹೊರಗೇ ಬಾರದಿದ್ದ ಹುಡುಗನನ್ನು ನೀವು ಮಾವಿನ ತೋಟಕ್ಕೆ ಕರೆದುಕೊಂಡು ಹೋಗಿ, ದಿನವೆಲ್ಲ ಏನೂ ಕೇಳದೆ ಪಕ್ಕದಲ್ಲಿ ಕೂತಿರುತ್ತಿದ್ದಿರಲ್ಲ. ಆ ಕಲೆ ಇಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ನಾನಿರುವ ಊರಿನ ಪಕ್ಕದಲ್ಲೇ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆ ಇದೆ. ಹಿಟ್ಲರನ ಕಾಟಕ್ಕೆ 1939ರಲ್ಲಿ ಜರ್ಮನಿ ಬಿಟ್ಟು ಬಂದ ಲುಡ್ವಿಗ್ ಗುಟ್‌ಮನ್ ಅನ್ನುವ ಯಹೂದಿ ಡಾಕ್ಟರ್ 1944ರಲ್ಲಿ ಅಲ್ಲಿ ಬೆನ್ನುಹುರಿ ಮುರಿದ ಸೈನಿಕರ ವಾರ್ಡು ಶುರುಮಾಡಿದರು. ಆಗ ಅಂಥವರು ಬದುಕುತ್ತಾರೆ ಅಂತ ಯಾರಿಗೂ ನಂಬಿಕೆ ಇರಲಿಲ್ಲ. ಮಲಗಿದಲ್ಲೇ ಹುಣ್ಣಾಗಿ, ನಂಜೇರಿ ಸಾಯುತ್ತಿದ್ದರು. ಇವರು ಎರಡೆರಡು ಗಂಟೆಗೆ ರೋಗಿಯ ಮಗ್ಗುಲು ಬದಲಿಸಬೇಕು ಅಂತ ಕಟ್ಟುನಿಟ್ಟು ಮಾಡಿದರು. ರಾತ್ರಿ ತಾವೇ ಬಂದು ನೋಡುತ್ತಿದ್ದರಂತೆ. ಆಮೇಲೆ ಮರಗೆಲಸ, ಗಡಿಯಾರ ರಿಪೇರಿ ಕಲಿಸಿದರು, ಆಟ ಆಡಿಸಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಆ ಆಸ್ಪತ್ರೆಯ ಹುಲ್ಲಿನ ಮೇಲೆ ಹದಿನಾರು ಜನ ವೀಲ್‌ಚೇರಿನಲ್ಲಿ ಕೂತು ಬಾಣ ಬಿಟ್ಟರು. ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿಂದ. 1965ರ ಯುದ್ಧದಲ್ಲಿ ಗುಂಡು ತಿಂದ ನಮ್ಮ ಮುರಳಿಕಾಂತ್ ಪೇಟ್ಕರ್ 1972ರಲ್ಲಿ ಹೈಡಲ್‌ಬರ್ಗ್‌ನಲ್ಲಿ ಈಜಿ ಚಿನ್ನ ತಂದರು. ನೀವೇ ನನಗೆ ಅವರ ಕತೆ ಹೇಳಿದ್ದು.

ಆ ಡಾಕ್ಟರನ್ನು ನೆನೆದಾಗೆಲ್ಲ ನನಗೆ ಹೊಳೆಯುವುದು ಆಟವಲ್ಲ, ಆ ಎರಡು ಗಂಟೆ. ದೊಡ್ಡ ಕೆಲಸದ ಬುಡದಲ್ಲಿ ಯಾರೋ ಒಬ್ಬರು ನಿದ್ದೆಗೆಟ್ಟು ಮಗ್ಗುಲು ಬದಲಿಸಿದ್ದು ಇರುತ್ತೆ. ಹೋದ ಸಲ ರಜಕ್ಕೆ ಬಂದಾಗ ನೋಡಿದೆನಲ್ಲ, ಕೆಳಗಿನ ಬೀದಿಯ ಅಜ್ಜಿಗೆ ಪಿಂಚಣಿಗೆ ಬೇಕಾದ ಜೀವನ ಪ್ರಮಾಣ ಪತ್ರ ಮಾಡಿಸಿದ್ದು. ಯಜಮಾನರು 71ರ ಯುದ್ಧ ಮಾಡಿದವರು, ಅಜ್ಜಿ ಕೂಲಿ ಮಾಡಿ ಮಾಡಿ ಬೆರಳಿನ ಗೆರೆಯೇ ಸವೆದಿತ್ತು. ಮೆಷಿನ್ನು ನಾಲ್ಕು ಸಲ ಒಪ್ಪಲಿಲ್ಲ. ನೀವು ಅವರ ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕಿ, ಪಂಚೆಯ ತುದಿಯಲ್ಲಿ ಒರೆಸಿ, ಮಗುವಿನ ಕೈ ಹಿಡಿದಂತೆ ಹಿಡಿದು ಒತ್ತಿಸಿದಿರಿ. ಐದನೇ ಸಲ ಹಸಿರು ದೀಪ ಬಂತು. ಅಜ್ಜಿ ನಿಮ್ಮ ಕೆನ್ನೆ ಮುಟ್ಟಿ ಲಟಿಕೆ ಮುರಿದರು. ಕೆಲಸ ನೀವು ಆಗಲೇ ಮಾಡುತ್ತಿದ್ದೀರಿ, ಚಿಕ್ಕಪ್ಪ. ಅವರು ಕೇಳುತ್ತಿರುವುದು ಅದಕ್ಕೆ ಒಂದು ಹೆಸರು, ಒಂದು ಸಹಿ.

ಕರ್ನಲ್ ಸಾಹೇಬರು ಬೇಡ ಅಂತಲ್ಲ. ದೊಡ್ಡ ಆಫೀಸುಗಳ ಬಾಗಿಲು ಅವರಿಗೆ ಬೇಗ ತೆರೆಯುತ್ತೆ. ಟ್ರಸ್ಟಿಯಾಗಿರಲಿ. ಆದರೆ ರಾತ್ರಿ ಒಂಬತ್ತಕ್ಕೆ ಯಾರಿಗಾದರೂ ಮಾಜಿ ಸೈನಿಕರ ಚಿಕಿತ್ಸೆಯ ಇಸಿಎಚ್‌ಎಸ್ ಕಾರ್ಡು ಸಿಗದೆ ಆಸ್ಪತ್ರೆಯಲ್ಲಿ ಪರದಾಡಿದರೆ ಫೋನ್ ಬರುವುದು ನಿಮಗೇ. ಹಾಗಿದ್ದ ಮೇಲೆ ದುಡ್ಡು ಯಾವುದಕ್ಕೆ ಅಂತ ತೀರ್ಮಾನ ಮಾಡುವಾಗಲೂ ನೀವೇ ಇರಬೇಕು.

ಲೆಕ್ಕಕ್ಕೆ ಹೆದರಬೇಡಿ, ಅದು ನನ್ನ ಪಾಲು. ಇಲ್ಲಿ ಒಂದು ಕಟ್ಟುನಿಟ್ಟು ಇದೆ. ಯಾವುದಕ್ಕೆ ಅಂತ ಹೇಳಿ ಕೊಟ್ಟ ಹಣವನ್ನು ಅದಕ್ಕೇ ಖರ್ಚು ಮಾಡಬೇಕು. ಒಬ್ಬರು ವೀಲ್‌ಚೇರ್ ಹತ್ತುವ ಇಳಿಜಾರಿಗೆ ಅಂತ 500 ಪೌಂಡ್ ಕೊಟ್ಟಿದ್ದರು. ಆ ತಿಂಗಳು ಆಫೀಸಿನ ಸೂರು ಸೋರುತ್ತಿತ್ತು, ಕೈಯಲ್ಲಿ ಬೇರೆ ದುಡ್ಡಿಲ್ಲ. ಡೈರೆಕ್ಟರ್ ಬಕೆಟ್ ಇಟ್ಟುಕೊಂಡು ಕೂತರೇ ಹೊರತು ಅದನ್ನು ಮುಟ್ಟಲಿಲ್ಲ. ನೀವೂ ಹಾಗೇ ಮಾಡುವವರು. ಚೆಕ್ಕಿಗೆ ಇಬ್ಬರ ಸಹಿ ಇರಲಿ, ಒಂದು ಸಹಿ ವಿಧವೆಯರಲ್ಲಿ ಒಬ್ಬರದ್ದಾಗಲಿ. ತಿಂಗಳ ಜಮಾ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ರಸೀದಿಗಳ ಫೋಟೋ ವಾಟ್ಸಾಪಿನಲ್ಲಿ ಕಳಿಸಿದರೆ ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದೊಳಗೆ ಹೆಸರು ಕೊಡಬೇಕು ಅಂತ ಅಪ್ಪ ಹೇಳಿದರು. ಈ ಕಾಗದದ ಜೊತೆ ಆರು ಉಣ್ಣೆ ಸಾಕ್ಸ್ ಇಟ್ಟಿದ್ದೇನೆ, ಡೈರೆಕ್ಟರ್ ತಾವೇ ಆರಿಸಿ ಕೊಟ್ಟಿದ್ದು. ಬಿಸಿನೀರಲ್ಲಿ ಒಗೆಯಬಾರದು ಅಂತ ಚಿಕ್ಕಮ್ಮನಿಗೆ ಹೇಳಿ, ಮುದುಡಿಕೊಳ್ಳುತ್ತವೆ.

ಕಾಗದ ಕೈಗೆ ಬಂದ ವಾರದ ಭಾನುವಾರ ನಿಮ್ಮ ಸಂಜೆ ಆರಕ್ಕೆ ಫೋನ್ ಮಾಡುತ್ತೇನೆ. ಚಿಕ್ಕಮ್ಮನ ಕೈಗೆ ಫೋನ್ ಕೊಟ್ಟು ತೋಟಕ್ಕೆ ಹೋಗಬೇಡಿ.

ನಿಮ್ಮ ಪ್ರೀತಿಯ
ಪುಟ್ಟಿ