ಯುದ್ಧ ನಿಂತರೂ ನಿಲ್ಲದ ತುರ್ತು

ಮಾನ್ಯರೇ,

ಯುದ್ಧವೆಂದರೆ ಎಲ್ಲೋ ಗಡಿಯಾಚೆಯ ಸುದ್ದಿ ಎನ್ನುವಂತಿಲ್ಲ. ಕೆಲಸದ ಆಸೆಯಿಂದ ರಷ್ಯಾಕ್ಕೆ ಹೋಗಿ ಉಕ್ರೇನ್ ಯುದ್ಧದಲ್ಲಿ ಸಿಲುಕಿದ್ದ ಕಲಬುರಗಿ ಜಿಲ್ಲೆಯ ಯುವಕರು ಮರಳಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮುನ್ನ, ಇಂಥ ಭಾರತೀಯರ ಬಿಡುಗಡೆಯ ವಿಷಯವನ್ನು ಪ್ರಧಾನಿಯವರೇ ಮಾಸ್ಕೋದಲ್ಲಿ ಅಧ್ಯಕ್ಷ ಪುಟಿನ್ ಅವರ ಮುಂದಿಡಬೇಕಾಯಿತು. ಆ ದಿನಗಳಲ್ಲಿ ಇಲ್ಲಿನ ಗಂಜ್ ಮಾರುಕಟ್ಟೆಗೆ ತೊಗರಿ ತಂದಿದ್ದ ರೈತರು ದರದ ಮಾತು ಬಿಟ್ಟು, ಚಹಾ ಅಂಗಡಿಯ ಮುಂದೆ ನಿಂತು ಮೊಬೈಲ್‌ನಲ್ಲಿ ಆ ಹುಡುಗರ ವಿಡಿಯೊವನ್ನೇ ಮತ್ತೆ ಮತ್ತೆ ನೋಡುತ್ತಿದ್ದರು. ಇದೇ ಯುದ್ಧ ಫಿನ್ಲೆಂಡ್ ಮತ್ತು ಸ್ವೀಡನ್‌ಗಳನ್ನು ನ್ಯಾಟೊ ಸೇನಾ ಕೂಟದೊಳಗೆ ತಂದಿತು. ಯುದ್ಧದ ಕಾರಣದಿಂದಲೇ ಉಕ್ರೇನಿನಲ್ಲಿ 2024ರ ಅಧ್ಯಕ್ಷೀಯ ಚುನಾವಣೆ ನಡೆಯಲೇ ಇಲ್ಲ.

ಯುದ್ಧ ದೇಶದೊಳಗಿನ ಆಡಳಿತವನ್ನೂ ಬದಲಿಸುತ್ತದೆ ಎಂಬುದರಲ್ಲಿ ನಮ್ಮ ಅನುಭವವೂ ಬೇರೆಯಲ್ಲ. ಚೀನಾ ಆಕ್ರಮಣದಿಂದಾಗಿ 1962ರ ಅಕ್ಟೋಬರ್ 26ರಂದು ಘೋಷಿಸಿದ ತುರ್ತುಪರಿಸ್ಥಿತಿಯನ್ನು, ಕದನ ಒಂದೇ ತಿಂಗಳಲ್ಲಿ ನಿಂತರೂ, 1968ರ ಜನವರಿಯವರೆಗೆ ಹಿಂಪಡೆಯಲಿಲ್ಲ. ಅದೇ ಯುದ್ಧದಿಂದಾಗಿ ರಕ್ಷಣಾ ಸಚಿವ ಕೃಷ್ಣ ಮೆನನ್ ಹುದ್ದೆ ಬಿಟ್ಟರು, ಅಲಿಪ್ತ ಭಾರತ ಅಮೆರಿಕದ ನೆರವು ಕೇಳಿತು. ಪಾಕಿಸ್ತಾನದೊಂದಿಗಿನ ಯುದ್ಧದಿಂದಾಗಿ ಹೊರಡಿಸಿದ 1971ರ ಡಿಸೆಂಬರ್ 3ರ ತುರ್ತುಪರಿಸ್ಥಿತಿ ಘೋಷಣೆಯಂತೂ, ಅದೇ 16ರಂದು ಢಾಕಾದಲ್ಲಿ ಪಾಕ್ ಸೇನೆ ಶರಣಾದ ಮೇಲೂ, 1977ರ ಮಾರ್ಚ್‌ವರೆಗೆ ಉಳಿಯಿತು. ಎಲ್ಲರೂ 1975ರ ತುರ್ತುಪರಿಸ್ಥಿತಿಯನ್ನಷ್ಟೇ ನೆನೆಯುತ್ತಾರೆ. ಆಗ 1971ರ ಘೋಷಣೆ ಇನ್ನೂ ಜಾರಿಯಲ್ಲಿತ್ತು ಎಂಬುದನ್ನು ಮರೆಯುತ್ತಾರೆ. ತುರ್ತುಪರಿಸ್ಥಿತಿ ಮುಂದುವರಿಯಲು ಆರು ತಿಂಗಳಿಗೊಮ್ಮೆ ಸಂಸತ್ತಿನ ಒಪ್ಪಿಗೆ ಬೇಕೆಂದು ಸಂವಿಧಾನದ 44ನೇ ತಿದ್ದುಪಡಿ ವಿಧಿಸಿದ್ದು 1978ರಲ್ಲಿ. ನಮ್ಮ ಭಾಗದ ಪದವಿ ಕಾಲೇಜುಗಳಲ್ಲಿ ಈ ಮೂರೂ ಘೋಷಣೆಗಳನ್ನು ಒಟ್ಟಿಗೆ ಪಾಠ ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಕಲಬುರಗಿ