ಮೆನಸ್ ಎಂಬ ಮಾತನ್ನು ಕುರಿತು

ಚಿ. ಸುಹಾಸನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಉಭಯ ಕುಶಲೋಪರಿ. ಪತ್ರಿಕೆಯ ಡೆಸ್ಕಿಗೆ ಸೇರಿದ ಮೇಲೆ ನೀನು ಮಾಡಿದ ಅನುವಾದಗಳನ್ನು ಓದಿದೆ. ಭಾಷೆ ಹದವಾಗಿದೆ. ಆದರೆ ‘ಬೀದಿ ನಾಯಿಗಳ ಬೆದರಿಕೆ: ನಿವಾಸಿಗಳ ಆತಂಕ’ ಎಂಬ ತಲೆಬರಹವನ್ನು ಕಂಡು, ನಾಯಿಗಳೇನಾದರೂ ಪತ್ರ ಬರೆದು ಹಣ ಕೇಳಿದವೋ ಎಂದು ನಿನ್ನ ಅತ್ತೆ ಕೇಳಿದಳು. ಮೂಲದಲ್ಲಿದ್ದದ್ದು ಮೆನಸ್ (menace) ಎಂಬ ಇಂಗ್ಲಿಷ್ ಪದ. ನಮ್ಮವರು ಮೆನೇಸ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಒತ್ತು ಮೊದಲ ಅಕ್ಷರಕ್ಕೆ ಬೀಳುವುದರಿಂದ ಉಚ್ಚಾರಣೆ ನಮ್ಮ ಮೆಣಸಿನ ಹತ್ತಿರಕ್ಕೇ ಬರುತ್ತದೆ.

ಆ ಪದದ ಮೂಲ ಲ್ಯಾಟಿನ್, ಅಲ್ಲಿ ಅದಕ್ಕೆ ಬೆದರಿಕೆ ಎಂಬ ಅರ್ಥವೇ ಇತ್ತು. ಆದರೆ ಬೆದರಿಸಬೇಕಾದರೆ ಬೆದರಿಸುವವನಿಗೆ ಒಂದು ಉದ್ದೇಶವಿರಬೇಕು. ನಾಯಿ, ಕೋತಿ, ಕಾಡಾನೆಗಳ ವಿಷಯದಲ್ಲಿ ಇಂಗ್ಲಿಷ್ ಪತ್ರಿಕೆಗಳು ಈ ಪದವನ್ನು ಬಳಸುವಾಗ ಉದ್ದೇಶದ ಮಾತು ಬಿಟ್ಟುಹೋಗಿ, ಮತ್ತೆ ಮತ್ತೆ ಬಂದು ಕಾಡುವ ತೊಂದರೆ ಎಂಬುದಷ್ಟೇ ಉಳಿಯುತ್ತದೆ. ಅದಕ್ಕೆ ನಮ್ಮಲ್ಲಿ ಹಾವಳಿ ಎಂಬ ಮಾತು ಸಿದ್ಧವಾಗಿಯೇ ಇದೆ. ಸಕಲೇಶಪುರದ ಕಾಫಿ ಬೆಳೆಗಾರ ಕಾಡಾನೆ ಹಾವಳಿ ಎನ್ನುತ್ತಾನೆಯೇ ಹೊರತು ಕಾಡಾನೆಯ ಬೆದರಿಕೆ ಎನ್ನುವುದಿಲ್ಲ. ಸೊಳ್ಳೆಗಾದರೆ ಕಾಟ ಸಾಕು. ಹಾವಳಿ ಎಂದರೆ ಬೆಳೆಯೋ ಪ್ರಾಣವೋ ಹೋಗುವಷ್ಟು ದೊಡ್ಡದಿರಬೇಕು.

ಮನುಷ್ಯರ ನಡುವಿನ ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ಇಂಗ್ಲೆಂಡಿನ 1968ರ ಥೆಫ್ಟ್ ಆ್ಯಕ್ಟಿನ (ಕಳವಿನ ಕಾಯ್ದೆಯ) 21ನೇ ಸೆಕ್ಷನ್, ಲಾಭ ಮಾಡಿಕೊಳ್ಳಲೆಂದೋ ಇನ್ನೊಬ್ಬರಿಗೆ ನಷ್ಟ ಮಾಡಲೆಂದೋ ‘ಮೆನಸಸ್’ ಸಹಿತ ಅನ್ಯಾಯವಾದ ಬೇಡಿಕೆ ಇಡುವುದನ್ನು ಬ್ಲ್ಯಾಕ್‌ಮೇಲ್ ಎಂದು ಕರೆಯುತ್ತದೆ. ಗರಿಷ್ಠ ಶಿಕ್ಷೆ 14 ವರ್ಷ ಸೆರೆ. ಈ ಪದ ಹೊಡೆತ ಬಡಿತದ ಬೆದರಿಕೆಗಷ್ಟೇ ಸೀಮಿತವಲ್ಲ, ಎದುರಿನವನಿಗೆ ಹಾನಿಯನ್ನೋ ಅಹಿತವನ್ನೋ ತರುವ ಯಾವುದೇ ಕೃತ್ಯದ ಬೆದರಿಕೆಯೂ ಅದರಲ್ಲಿ ಸೇರುತ್ತದೆ ಎಂದು ಅಲ್ಲಿನ ನ್ಯಾಯಾಧೀಶ ಲಾರ್ಡ್ ರೈಟ್ 1937ರಲ್ಲಿಯೇ ಹೇಳಿದ್ದರು. ಹಾಗಾಗಿ ಸಾಲ ವಸೂಲಿಗೆ ಬಂದವನು ದನಿ ಏರಿಸದೆ, ‘ನಿಮ್ಮ ಮಗಳು ಸ್ಕೂಲಿಂದ ಎಷ್ಟು ಹೊತ್ತಿಗೆ ಬರ್ತಾಳೆ?’ ಎಂದು ನಗುನಗುತ್ತಾ ಕೇಳಿದರೂ ಅದು ಮೆನಸ್ ಆಗಬಹುದು. ಆವಾಜ್ ಹಾಕಿದ, ಧಮಕಿ ಕೊಟ್ಟ ಎಂಬ ನಮ್ಮ ಬೀದಿಯ ಮಾತುಗಳು ಇಂಥದ್ದಕ್ಕೆ ಒಗ್ಗುವುದಿಲ್ಲ, ಏಕೆಂದರೆ ಅವು ಎತ್ತರದ ದನಿಯನ್ನು ಕೇಳಿಸುತ್ತವೆ. ಇಂಥ ಕಡೆ ವಿಶೇಷಣ ಹುಡುಕದೆ, ಅವನು ಆಡಿದ ಮಾತನ್ನೇ ಉದ್ಧರಣ ಚಿಹ್ನೆಯೊಳಗೆ ಇಟ್ಟುಬಿಡು. ಓದುಗನಿಗೆ ಬೆನ್ನು ತಣ್ಣಗಾಗಲು ಅಷ್ಟು ಸಾಕು.

ಪೊಲೀಸ್ ದೂರಿನ ಸುದ್ದಿಯಲ್ಲಿ ಮಾತ್ರ ಕಾನೂನಿನ ಪದಕ್ಕೆ ಅಂಟಿಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್, ಹಿಂದಿನ ದಂಡ ಸಂಹಿತೆಯ 503 ಮತ್ತು 506ರ ಜಾಗಕ್ಕೆ ಬಂದದ್ದು. ದೇಹಕ್ಕೆ, ಮಾನಕ್ಕೆ, ಆಸ್ತಿಗೆ ಹಾನಿ ಮಾಡುವೆನೆಂದು ಹೆದರಿಸುವುದೆಲ್ಲ ಅದರಡಿ ಬರುತ್ತದೆ. ಸಾಮಾನ್ಯವಾಗಿ ಎರಡು ವರ್ಷದವರೆಗೆ ಸೆರೆ. ಕೊಲ್ಲುವ ಬೆದರಿಕೆಯಾದರೆ ಏಳು ವರ್ಷದವರೆಗೆ. ಆದ್ದರಿಂದ ಮಾನ ಕಳೆಯುತ್ತೇನೆ ಎಂದವನ ಮೇಲೆ ‘ಜೀವ ಬೆದರಿಕೆ’ ಎಂದು ಬರೆದರೆ, ನಿನ್ನ ಒಂದೇ ಪದದಿಂದ ಆರೋಪವೇ ಬದಲಾಗಿಬಿಡುತ್ತದೆ.

ಇನ್ನೊಂದು ಮಾತು. ಭಿಕ್ಷುಕರ ಮೆನಸ್, ಬೀದಿ ವ್ಯಾಪಾರಿಗಳ ಮೆನಸ್ ಎಂದು ಬರೆದ ಇಂಗ್ಲಿಷ್ ವರದಿ ನಿನ್ನ ಮುಂದೆ ಬಂದಾಗ ಅದನ್ನು ಹಾವಳಿ ಎಂದು ಕೈ ತೊಳೆದುಕೊಳ್ಳಬೇಡ. ಬದುಕಿಗಾಗಿ ಸೊಪ್ಪು ಮಾರುವ ಹೆಂಗಸನ್ನು ಕಾಡಾನೆಯ ಸಾಲಿಗೆ ಸೇರಿಸುವುದು ವರದಿಯಲ್ಲ, ತೀರ್ಪು. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಲು 2014ರ ಕೇಂದ್ರ ಕಾಯ್ದೆಯೇ ಇದೆ. ‘ಪಾದಚಾರಿ ಮಾರ್ಗದಲ್ಲಿ ವ್ಯಾಪಾರ: ನಿವಾಸಿಗಳ ದೂರು’ ಎಂದು ತಲೆಬರಹ ಕೊಡು, ಮುಖ್ಯ ಉಪಸಂಪಾದಕರು ಸಪ್ಪೆಯಾಯಿತು ಎಂದರೆ, ಆ ಹೆಂಗಸಿನ ಮಾತನ್ನೂ ವರದಿಗಾರರಿಂದ ತರಿಸಿ ಕೊಡುತ್ತೇನೆ ಎಂದು ಹೇಳು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಸೋದರಮಾವ